ಏಳು ಜನ, ಆರು ರಾಡು

ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ ಮೇಲೆ ಸಂಗಮೇಶ ಕನ್ನಡಿ ಮುಂದೆ ನಿಂತು ತನ್ನ ದನಿ ವಾಪಸ್ ಬಂದಿದ್ಯಾ ಅಂತ ನೋಡ್ದ. "ಹಲೋ" ಅಂದ. ಯಾರದೋ ದನಿ. "ಹಲೋ, ನಾನು ಸಂಗಮೇಶ ಮಾತಾಡ್ತಿರೋದು" ಅಂದ. ಇದೂ ಯಾರದೋ, ಡಬ್ಬಿಂಗ್ ಮಾತ್ರ ಸ್ವಲ್ಪ ಪರವಾಗಿಲ್ಲ. ತುಟಿ ಮುಂಚೆ ಅಲ್ಲಾಡತ್ತೆ, ಮಾತು ಆಮೇಲೆ ಬರತ್ತೆ. ಶನಿವಾರದಿಂದ ಹಿಂಗೇ, ಇವತ್ತು ಬುಧವಾರ. ಆ ಸದ್ದು ಕೇಳಿದಾಗಿನಿಂದ ಕಿವಿಯೊಳಗೆ ಯಾರೋ ಹತ್ತಿ ತುರುಕಿದ್ದಾರೆ, ಹೊರಗಿನ ಪ್ರಪಂಚ ಎಲ್ಲಾ ಟೆಂಟ್ ಟಾಕೀಸಿನ ಗೋಡೆ ಆಚೆ ನಿಂತು ಕೇಳಿದ ಸಿನಿಮಾದ ಥರ ಇದೆ. ನಿನ್ನೆ ಸಂಜೆ ಬಿಟಿಎಂನ ಈ ರೂಮಿನ ಕೆಳಗಿರೋ ಎಸ್‌ಟಿಡಿ ಬೂತಿಂದ ಬಾಗಲಕೋಟೆಗೆ ಫೋನ್ ಹಾಕಿದ್ದ. ಪಕ್ಕದ ಮನೆಯೋರು ಅವ್ವನ್ನ ಕರೆದ್ರು. ರೇಣವ್ವ ಓಡಿ ಬಂದು ಉಸಿರು ಬಿಡ್ತಾ, "ಯಾರ್ರೀ ಮಾತಾಡೋದು?" ಅಂದ್ಳು. "ಅವ್ವಾ, ನಾನಽ" ಅಂದ. "ನಾ ಅಂದ್ರ ಯಾರ್ರೀ?" ಅಂದ್ಳು ಮತ್ತೆ. ಹೆತ್ತ ತಾಯಿ. ಫ್ಲಾಶ್‌ಬ್ಯಾಕಿನಲ್ಲಿ ಕಳೆದುಹೋದ ಮಗನಾದ್ರೂ ಕೈ ಮೇಲೆ ಒಂದು ಹಚ್ಚೆ ಗಿಚ್ಚೆ ಇರತ್ತೆ ಗುರುತಿಗೆ. ಇವನ ಹತ್ರ ಏನಿತ್ತು? ಫೋನ್ ಇಟ್ಟುಬಿಟ್ಟ.

ಇಪ್ಪತ್ತಾರು ವರ್ಷದ ಸೈಟ್ ಇಂಜಿನಿಯರು. ಎಲ್ಲರ ದನೀನೂ ತೆಗೀತಿದ್ದ. ಕಾಲೇಜಲ್ಲಿ ಪ್ರಿನ್ಸಿಪಾಲರ ದನೀಲಿ ಹಾಸ್ಟೆಲ್ಲಿಗೆ ಫೋನ್ ಮಾಡಿ ರಜಾ ಘೋಷಣೆ ಮಾಡಿದ್ದ ಭೂಪ. ಸೈಟಿಗೆ ಬಂದ ಮೊದಲನೇ ವಾರಾನೇ ಕೂಲಿಯೋರ ಮುಂದೆ ಕಾಂಕ್ರೀಟ್ ಮಿಕ್ಸರ್ ಮೇಲೆ ಕಾಲಿಟ್ಟು, "ಲೇಯ್, ಕಂಬ ನೆಡೋನು ಕೈ ನೋಡಲ್ಲ ಕಣೋ, ಆಕಾಶ ನೋಡ್ತಾನೆ!" ಅಂತ ತಾನೇ ಕಟ್ಟಿದ ಡೈಲಾಗ್ ಬಿಟ್ಟಾಗ ಶಿಳ್ಳೆ ಬಿದ್ದಿತ್ತು. ಶಿಳ್ಳೆ ಬಿದ್ದ ಮೇಲೆ ಮನುಷ್ಯ ಮುಗೀತು ಗುರು, ಆಮೇಲೆ ಅವನು ಶಿಳ್ಳೆಗೋಸ್ಕರ ಉಸಿರಾಡ್ತಾನೆ. ಈಗ ರಿಂಗ್ ರೋಡ್ ಬಸ್ಸಿನ ಕಂಬಿ ಹಿಡ್ಕೊಂಡು ಜೆ.ಪಿ. ನಗರ ದಾಟ್ತಾ ಅವನಿಗೆ ಅದೇ ನೆನಪು. ಪಕ್ಕದಲ್ಲಿ ನಿಂತಿದ್ದ ಆಂಟಿಯೊಬ್ರು, "ಏನಪ್ಪಾ, ಹುಷಾರಿಲ್ವಾ, ಬೆವರ್ತಿದ್ದೀಯಾ?" ಅಂದ್ರು. ಇಲ್ಲ ಅನ್ನೋಕೆ ಬಾಯಿ ತೆಗೆದವನು ಹೆದರಿ ಮುಚ್ಕೊಂಡ. ಯಾರ ದನಿ ಬರತ್ತೋ.

ಹನ್ನೊಂದಕ್ಕೆ ಮೀಟಿಂಗು. ರಿಪೋರ್ಟಿನಲ್ಲಿ ಒಂದೇ ಒಂದು ಸಾಲು ಬರೆಯೋದು ಬಾಕಿ. ಹದಿನೆಂಟು ತಿಂಗಳ ಪ್ರಾಜೆಕ್ಟು, ಚಿಕ್ಕಲಸಂದ್ರದ ಆಚೆ ಹಳೇ ಹೊಲದಲ್ಲಿ ಹೊಸ ಸಬ್‌ಸ್ಟೇಷನ್ನು, ಕಂಟ್ರಾಕ್ಟು ಇವನ ಕಂಪನಿ ತ್ರಿಪುರಾಂತಕ ಎಲೆಕ್ಟ್ರಿಕಲ್ಸ್‌ದು, ಮತ್ತೆ ಕಂಪನಿ ಇತಿಹಾಸದಲ್ಲೇ ಮೊದಲನೇ ಸಲ ಹನ್ನೆರಡು ದಿನ ಮುಂಚೆ ಮುಗಿದಿತ್ತು. ಪ್ರಾಜೆಕ್ಟ್ ಮ್ಯಾನೇಜರ್ ಸೇತುರಾಮ ಗೋಡೆ ತುಂಬ ಒಂದು ಚಾರ್ಟ್ ಅಂಟಿಸಿದ್ರು, ಮದುವೆ ಮನೆ ಚಪ್ಪರದಷ್ಟು ಉದ್ದ. ಒಂದೊಂದು ಕೆಲಸಕ್ಕೆ ಒಂದೊಂದು ಪಟ್ಟಿ. ಮುಗಿದ್ರೆ ಹಸಿರು ಪೆನ್ಸಿಲ್, ತಡವಾದ್ರೆ ಕೆಂಪು. "ಪ್ರಾಜೆಕ್ಟ್ ಅಂದ್ರೆ ಸಿಮೆಂಟ್ ಅಲ್ಲ ಸಂಗಮೇಶ್, ಕಬ್ಬಿಣ ಅಲ್ಲ. ಯಾವುದಕ್ಕೆ ಯಾವುದು ಕಾಯ್ತಾ ಇದೆ ಅಂತ ತಿಳ್ಕೊಳ್ಳೋದು. ಕಾಯೋ ಸರಪಳೀಲಿ ಒಂದು ಕೊಂಡಿ ಅರ್ಧ ಗಂಟೆ ಉಳಿಸಿದ್ರೆ ಇಡೀ ಸರಪಳಿ ಉಳಿಸಿದ ಹಾಗೆ," ಅಂತಿದ್ರು. ಆ ಮಾತು ಇವನ ತಲೇಲಿ ಹೀರೋ ಎಂಟ್ರಿ ಮ್ಯೂಸಿಕ್ಕಿನ ಥರ ಕೂತಿತ್ತು. ನೂರು ಟನ್ನಿನ ಟ್ರಾನ್ಸ್‌ಫಾರ್ಮರ್ ಬಂದ ದಿನ ಬನಶಂಕರಿ ಹತ್ರ ಯಾರದೋ ಹುಟ್ಟುಹಬ್ಬದ ಕಮಾನು ಅಡ್ಡ ಬಂತು. ಇವನು ಆ ಬ್ಯಾನರಿನ ಲೀಡರ್ ದನೀಲೇ ಹುಡುಗರಿಗೆ ಫೋನ್ ಮಾಡಿ, "ಬಿಚ್ರಪ್ಪಾ, ನಾನೇ ಹೇಳ್ತಿದ್ದೀನಿ," ಅಂದ. ಹತ್ತೇ ನಿಮಿಷದಲ್ಲಿ ಬಿಚ್ಚಿದ್ರು. ಸೇತುರಾಮ ಅವತ್ತು ಕಣ್ಣಲ್ಲಿ ನೀರು ಬರೋ ಹಂಗೆ ನಕ್ಕು, ಬೆನ್ನು ತಟ್ಟಿ, ಆ ಪಟ್ಟಿಗೆ ಹಸಿರು ಬಳಿದಿದ್ರು. ಆ ಬೆನ್ನು ತಟ್ಟಿದ ಜಾಗ ಈಗ ಬಸ್ಸಲ್ಲಿ ಉರೀತಿತ್ತು.

ಪಾಪಯ್ಯನ ದನಿ ಮಾತ್ರ ಅವನ ಮಾಸ್ಟರ್‌ಪೀಸು. ಪಾಪಯ್ಯ ಲೈನ್ ಮೇಸ್ತ್ರಿ, ಐವತ್ತೆಂಟು ವರ್ಷ, ಮಂಡಿ ನೋವು, ತಲೆಗೆ ಕೆಂಪು ಟವೆಲ್ಲು. ಕರೆಂಟ್ ಹರಿಯೋ ಲೈನ್ ಮೇಲೆ ಕೆಲಸ ಮಾಡಬೇಕು ಅಂದ್ರೆ ಆ ತುದೀಲಿರೋ ಸ್ಟೇಷನ್ನಿನ ಆಪರೇಟರ್ ಸ್ವಿಚ್ ಆಫ್ ಮಾಡಿ ಆ ಲೈನನ್ನ ಒಬ್ಬನ ಹೆಸರಿಗೆ ಬರ್ಕೊಡ್ತಾನೆ. ಲೈನ್ ಕ್ಲಿಯರ್ ಅಂತಾರೆ. ಇಸ್ಕೊಂಡೋನೇ ಅದನ್ನ ವಾಪಸ್ ಕೊಡಬೇಕು, ಅವನ ಬಾಯಿಂದಾನೇ. ದೇವ್ರೇ ಬಂದು ಕೇಳಿದ್ರೂ ಇನ್ನೊಬ್ಬ ಕೊಡೋ ಹಂಗಿಲ್ಲ. ಅಕಸ್ಮಾತ್ ಕರೆಂಟ್ ಬಂದ್ರೂ ಮೇಲಿರೋನು ಉಳೀಲಿ ಅಂತ ತಂತಿಯಿಂದ ನೆಲಕ್ಕೆ ರಾಡು ಸಿಗಿಸಿರ್ತಾರೆ, ಕೆಲಸ ಮುಗಿದ ಮೇಲೆ ತೆಗೀತಾರೆ. ಎಲ್ಲಾ ಮೇಸ್ತ್ರಿಗಳೂ "ಆಯ್ತು, ಲೈನ್ ತಗೊಳ್ಳಿ" ಅಂದು ಮುಗಿಸ್ತಿದ್ರು. ಪಾಪಯ್ಯನದು ಮಂತ್ರ. "ಪಾಪಯ್ಯ, ಕೆಂಪಯ್ಯನ ಮಗ. ಏಳು ಜನ ಹತ್ತಿದ್ವಿ, ಏಳು ಜನ ಇಳಿದ್ವಿ. ಆರು ರಾಡು ಹಾಕಿದ್ವಿ, ಆರು ರಾಡು ತೆಗೆದ್ವಿ. ಇನ್ಮೇಲೆ ಲೈನು ನಿಂದು ಕಣಪ್ಪಾ." ಕೊನೇ ಮಾತಿಗೆ ದನಿ ಸ್ವಲ್ಪ ಇಳಿಯೋದು, ಮಗಳನ್ನ ಗಂಡನ ಮನೆಗೆ ಕಳಿಸೋನ ಥರ. ಸಂಗಮೇಶ ಆ ಇಳಿಯೋದನ್ನ ಹಿಡಿದಿದ್ದ. ಶನಿವಾರ ಸಂಜೆ ಆದ್ರೆ ಹುಡುಗರು, "ಪಾಪಯ್ಯನ್ನ ಹಾಕು ಗುರು!" ಅನ್ನೋರು. ಎಲ್ಲರಿಗಿಂತ ಜಾಸ್ತಿ ನಗ್ತಿದ್ದೋನು ಪಾಪಯ್ಯನೇ. "ಲೇ ಇಂಜಿನಿಯರಪ್ಪಾ, ನಾನು ಸತ್ತ ಮೇಲೆ ನಮ್ಮನೇಗ್ ಬಂದು ಒಂದ್ ಕಿತಾ ಮಾತಾಡೋ. ನಮ್ಮವ್ಳು ಹೆದ್ರಿ ಇಡ್ಲಿ ಬೇಯಿಸ್ತಾಳೆ."

ಒಂದ್ಸಲ ಪಾಪಯ್ಯ ಇವನಿಗೆ ಎಣಿಸೋದನ್ನೂ ಕಲಿಸಿದ್ದ. "ಮೊದ್ಲು ನಿನ್ ಎದೆ ಮುಟ್ಕೋ. ಒಂದು. ಆಮ್ಯಾಕೆ ಮಿಕ್ಕೋರು. ತನ್ನನ್ನ ಬಿಟ್ಟು ಎಣಿಸೋನು ಯಾವತ್ತೂ ಒಬ್ಬನ್ನ ಕೊಲ್ತಾನೆ." ಸಂಗಮೇಶ ತಕ್ಷಣ ಅದನ್ನೂ ಅವನದೇ ದನೀಲಿ ಹೇಳಿ ತೋರಿಸಿದ್ದ. ಚಪ್ಪಾಳೆ ಬಿತ್ತು. ಕಲಿತಿದ್ದು ಅಷ್ಟೇ.

ಬಸ್ಸಿಳಿದು ಸೈಟಿನ ದಾರೀಲಿ ಸೊಣ್ಣಮ್ಮನ ಅಂಗಡಿ ಸಿಗತ್ತೆ. ಸ್ಟೇಷನ್ ನಿಂತಿರೋ ಜಾಗ ಒಂದು ಕಾಲಕ್ಕೆ ಸೊಣ್ಣಮ್ಮನ ಗಂಡ ಚಿಕ್ಕಬೈರಪ್ಪನ ರಾಗಿ ಹೊಲ. ಈಗ ರೋಡಿಗೆ ನಾಲ್ಕು ಅಂಗಡಿ ಕಟ್ಟಿ ಮೂರನ್ನ ಬಾಡಿಗೆಗೆ ಬಿಟ್ಟು ಒಂದರಲ್ಲಿ ತಾನೇ ಕೂರ್ತಾಳೆ. ಅಂಗಡಿ ಕಟ್ಟೆ ಮೇಲೆ ರೂಪಾಯಿ ಹಾಕೋ ಕೆಂಪು ಫೋನು. ಸಂಗಮೇಶ ಅದನ್ನ ನೋಡದೇ ದಾಟೋಕೆ ನೋಡ್ದ.

"ಏ ಸಂಗಣ್ಣ! ಮುಖ ತಿರುಗಿಸ್ಕೊಂಡು ಹೋಗ್ತೀಯಲ್ಲಾ, ಸಾಲ ಏನಾದ್ರೂ ಉಳಿಸ್ಕೊಂಡಿದ್ದೀಯಾ ಹೆಂಗೆ?" ಸೊಣ್ಣಮ್ಮ ಕೂಗಿದ್ಳು. "ಮಜ್ಜಿಗೆ ತರಕ್ಕೆ ಹೇಳವ್ರೆ ಸೇತುರಾಮ್ ಸಾರು, ಹನ್ನೊಂದಕ್ಕೆ. ಯಾರೋ ದೊಡ್ಡ ಆಫೀಸರ್ ಬರ್ತಾರಂತೆ? ಅಲ್ಲಾ, ಅವತ್ತು ನೀನು ಪಾಪಯ್ಯನ ದನೀಲಿ ಫೋನ್ ಮಾಡ್ದಲ್ಲಾ, ಒಳಗೆ ಕೂತಿದ್ದ ನಮ್ ಯಜಮಾನ್ರು, 'ಪಾಪಣ್ಣ ಬಂದವ್ನೆ, ಎಲೆಅಡಿಕೆ ಕೊಡು' ಅಂದ್ರು ಕಣೋ! ನಕ್ಕೂ ನಕ್ಕೂ ಸಾಕಾಯ್ತು. ಇವತ್ತು ಆಫೀಸರ್ ಮುಂದೆ ಮಾಡ್ತೀಯಾ?"

"ಸೊಣ್ಣಮ್ಮಾ," ಅಂದ.

"ಏನೋ?"

"ಮಜ್ಜಿಗೆಗೆ ಉಪ್ಪು ಕಡಿಮೆ ಹಾಕಿ," ಅಂದು ಹೊರಟ. ಉಪ್ಪು ಕಡಿಮೆ ಹಾಕಿ ಅಂತೆ. ಒಬ್ಬ ಮನುಷ್ಯನ ಕೆಲಸ ಹೋಗೋ ದಿನ ಉಪ್ಪಿನ ಮಾತಾಡಿದ ನಾಯಕ ನಟ.

ಶನಿವಾರ ಇದೇ ಕಟ್ಟೆ ಹತ್ರ ನಿಂತಿದ್ದ. ಹಳೇ ಲೈನನ್ನ ಕತ್ತರಿಸಿ ಹೊಸ ಸ್ಟೇಷನ್ನಿಗೆ ಜೋಡಿಸೋ ಕೊನೇ ಕೆಲಸ. ಬೆಳಿಗ್ಗೆ ಆರರಿಂದ ಹನ್ನೊಂದರವರೆಗೆ ಲೈನ್ ಕೊಟ್ಟಿದ್ರು, ಪರೀಕ್ಷೆ ಸೀಸನ್ನು, ಹನ್ನೊಂದು ದಾಟಿದ್ರೆ ಇನ್ನು ಮೂರು ವಾರ ಕೊಡಲ್ಲ ಅಂದಿದ್ರು. ಮೂರು ವಾರ ಅಂದ್ರೆ ಚಾರ್ಟ್ ಪೂರ್ತಿ ಕೆಂಪು. ಹತ್ತೂ ಐವತ್ತು. ದೂರದ ಟವರಿನ ಮೂರು ರಾಡು ತೆಗೆದು ಎಲ್ಲಾ ಇಳಿದಿದ್ದು ಕಾಣಿಸ್ತು. ಪಾಪಯ್ಯ ಕುಂಟ್ತಾ ಹತ್ತಿರದ ಟವರಿನ ಕಡೆ ಬಂದು, ಬುಡದಲ್ಲಿ ನಿಂತು, ಕೆಂಪು ಟವೆಲ್ ಎತ್ತಿ ಬೀಸಿದ. ಮುಗೀತು ಅಂತ ಅರ್ಥ. ಅಲ್ಲಿಂದ ಫೋನಿನ ತನಕ ಆ ಮಂಡಿ ಇಟ್ಕೊಂಡು ಬರೋಕೆ ಹದಿನೈದು ನಿಮಿಷ. ಸರಪಳಿ, ಕೊಂಡಿ, ಬೆನ್ನ ಮೇಲಿನ ಕೈ. ರೂಪಾಯಿ ಒಳಗೆ ಬಿದ್ದ ಸದ್ದು ಅವನಿಗೆ ಚೆನ್ನಾಗಿ ನೆನಪಿದೆ. "ಪಾಪಯ್ಯ, ಕೆಂಪಯ್ಯನ ಮಗ," ಅಂದ. ಸಖತ್ತಾಗಿ ಬಂತು. ಇದುವರೆಗೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ. ಏಳು ಜನ ಅಂದ, ಆರು ರಾಡು ಅಂದ, ಕೊನೇ ಮಾತಿಗೆ ದನಿ ಇಳಿಸ್ದ. ಆ ಕಡೆಯಿಂದ ಆಪರೇಟರ್ ಸೀನು, "ಆಯ್ತು ಪಾಪಣ್ಣ, ಬರ್ಕೊಂಡೆ, ಕರೆಂಟ್ ಬಿಟ್ಟು ಚಾರ್ಜ್ ಮಾಡ್ತೀನಿ," ಅಂದ. ಸೊಣ್ಣಮ್ಮ ಬಿದ್ದೂ ಬಿದ್ದೂ ನಗ್ತಿದ್ಳು. ಇವನು ಅವಳಿಗೆ ಕಣ್ಣು ಹೊಡೆದು, ತಿರುಗಿ, ಟವರ್ ಕಡೆ ನೋಡ್ದ. ಪಾಪಯ್ಯ ಟವೆಲ್ಲಿಂದ ಮುಖ ಒರೆಸ್ಕೊಂಡು ಅದನ್ನ ಹೆಗಲಿಗೆ ಹಾಕ್ಕೊಂಡ. ಬೆವರು. ಅವನು ಬೀಸಿದ್ದು ಬೆವರಿಗೆ, ನೊಣಕ್ಕೆ, ಯಾತಕ್ಕೋ. ಮೇಲೆ ಮೂರು ರಾಡು ಇನ್ನೂ ನೇತಾಡ್ತಿತ್ತು. ಕೊನೇ ಮೂರನ್ನ ಯಾವಾಗ್ಲೂ ಅವನೇ ಹತ್ತಿ ತೆಗೀತಾನೆ, ಹುಡುಗರಿಗೆ ಬಿಡಲ್ಲ. ಟವರಿಗೆ ಕೈ ಇಟ್ಟ. ಸಂಗಮೇಶ ಕೂಗಬೇಕು ಅಂತ ಬಾಯಿ ತೆಗೆದ. ದನಿ ಬರಲಿಲ್ಲ. ಸಾವಿರ ಜನರ ದನಿ ಇದ್ದ ಗಂಟಲಲ್ಲಿ ಕೂಗೋಕೆ ಒಂದೂ ಇರಲಿಲ್ಲ. ಪಾಪಯ್ಯ ಏನೋ ನೆನಪಾದೋನ ಥರ ನಾಲ್ಕು ಹೆಜ್ಜೆ ವಾಪಸ್ ಬಂದು ಕೂತು ಶೂ ಬಿಚ್ಚೋಕೆ ಶುರು ಮಾಡ್ದ, ಬರಿಗಾಲಲ್ಲೇ ಹತ್ತೋನು ಅವನು. ಕಂಪನಿ ಶೂ, ಫೋಟೋಗೋಸ್ಕರ ಸಂಗಮೇಶನೇ ಬಲವಂತವಾಗಿ ಹಾಕಿಸಿದ್ದು, ಲೇಸು ಗಂಟು ಬಿದ್ದಿತ್ತು. ಆಗ ಬೆಳಕು. ಬೆಳಕಿನ ಹಿಂದೆ ಸದ್ದು. ಹೊಲದ ಕಾಗೆಗಳೆಲ್ಲಾ ಒಂದೇ ಸಲ ಎದ್ದವು.

ರಾಡು ಇದ್ದಿದ್ದಕ್ಕೆ ಕಣ್ಣು ಮಿಟುಕಿಸೋಷ್ಟರಲ್ಲಿ ಲೈನು ತಾನೇ ಟ್ರಿಪ್ ಆಗಿ ಕರೆಂಟ್ ನಿಂತಿತು. ಪಾಪಯ್ಯನ ಹುಬ್ಬು ಸುಟ್ಟಿತ್ತು, ಅಷ್ಟೇ. ಯಾರೂ ಸಾಯಲಿಲ್ಲ. ಹನ್ನೆರಡೂ ಹತ್ತಕ್ಕೆ ಮತ್ತೆ ಚಾರ್ಜ್ ಮಾಡಿದ್ರು, ಸೇತುರಾಮ ಹಸಿರು ಪೆನ್ಸಿಲ್ ತಗೊಂಡ್ರು. ಅದೇ ಇವನಿಗೆ ಇನ್ನೂ ನಂಬೋಕಾಗದೇ ಇರೋದು. ಪ್ರಪಂಚ ನಿಲ್ಲಲಿಲ್ಲ. ಸ್ವೀಟ್ ಹಂಚಿದ್ರು. ಇವನೂ ತಿಂದ.

ಕಂಟ್ರೋಲ್ ರೂಮಿನ ಹೊರಗೆ, ಟ್ರಾನ್ಸ್‌ಫಾರ್ಮರಿನ ನೆರಳಲ್ಲಿ, ಪಾಪಯ್ಯ ಬೆಂಚ್ ಮೇಲೆ ಕೂತಿದ್ದ. ಬಿಳೀ ಶರ್ಟು, ಇಸ್ತ್ರಿ ಮಾಡಿದ್ದು. ಕೈಯಲ್ಲಿ ಡಾಕ್ಟರ್ ಚೀಟಿ. ಅರ್ಧ ಹುಬ್ಬಿಲ್ಲದ ಮುಖ ಏನೋ ಆಶ್ಚರ್ಯ ಆದ ಹಂಗೆ ನಿಂತುಬಿಟ್ಟಿತ್ತು.

"ಬಾ ಇಂಜಿನಿಯರಪ್ಪಾ. ಒಂದ್ ಉಪಕಾರ ಮಾಡು. ನಿನ್ನೆ ರಾತ್ರಿ ಏನ್ ಉಂಡೆ ಅಂತ ನನ್ನ ಕೇಳು."

"ಯಾಕೆ ಪಾಪಣ್ಣ?"

"ಕೇಳೋ."

"ಏನ್ ಉಂಡೆ?"

"ಮುದ್ದೆ, ಉಪ್ಸಾರು. ಸರಿಯಾಗೈತೆ. ಬೆಳಿಗ್ಗೆ ಮನೆ ಮೆಟ್ಲು ಎಣಿಸ್ದೆ, ಹದಿಮೂರು. ಅದೂ ಸರಿ. ಎಲ್ಲಾ ಸರಿಯಾಗೈತೆ ಕಣಪ್ಪಾ, ಆ ಒಂದ್ ಫೋನು ಮಾತ್ರ ನೆಪ್ಪಾಯ್ತಾ ಇಲ್ಲ." ಪಾಪಯ್ಯ ಚೀಟೀನ ನಾಲ್ಕು ಮಡಿಕೆ ಮಾಡ್ದ, ಬಿಚ್ಚಿದ. "ಸೀನ ನನ್ ತಮ್ಮನ್ ಥರ. ಅಮ್ಮನ ಆಣೆ ಇಟ್ಟು ಹೇಳ್ತಾನೆ, ನಿಂದೇ ದನಿ ಪಾಪಣ್ಣ, ಕೆಂಪಯ್ಯನ ಮಗ ಅಂದೆ ಅಂತ. ಅವ್ನು ಸುಳ್ಳು ಹೇಳಲ್ಲ. ಹಂಗಾರೆ ನಾನೇ ಮಾಡಿವ್ನಿ. ಮಾಡಿ, ಮರ್ತು, ವಾಪಸ್ ಹೋಗಿ ಟವರ್ ಮುಟ್ಟಿವ್ನಿ. ಡಾಕ್ಟ್ರು ವಯಸ್ಸಾದ್ರೆ ಹಂಗೇ ಅಂದ್ರು. ನಮ್ಮಪ್ಪನೂ ಕೊನೇಲಿ ಮನೆ ದಾರಿ ಮರ್ತಿದ್ದ." ಆಮೇಲೆ ಮೆಲ್ಲಗೆ, ಗುಟ್ಟು ಹೇಳೋನ ಥರ, "ಇವ್ಳಿಗೆ ಹೇಳಿಲ್ಲ. ರಾತ್ರಿ ಎದ್ದು ಇವ್ಳ ಹೆಸ್ರು ಹೇಳ್ಕೊಂಡು ನೋಡ್ತೀನಿ. ಬೆಳಗಾದ್ರೆ ಎಲ್ಲಿ ಅದೂ ಹೋಗಿರ್ತದೋ ಅಂತ."

ಸಂಗಮೇಶನಿಗೆ ನಿಂತ ನೆಲ ಗಾಳಿಯಾಯ್ತು. ಪಾಪಯ್ಯನ ಕೆಲಸ ಹೋಗತ್ತೆ ಅಂತ ಅವನಿಗೆ ಗೊತ್ತಿತ್ತು. ನಾಲ್ಕು ದಿನದಿಂದ ಅದನ್ನೇ ಎಣಿಸಿ, ಗುಣಿಸಿ, ಹೆಂಗೂ ರಿಟೈರ್ ಆಗೋ ವಯಸ್ಸು ಅಂತ ಒಂದು ಚಾಪೆ ಹಾಸ್ಕೊಂಡು ಮಲಗಿದ್ದ. ಇದು ಬೇರೆ. ಇವನು ಕದ್ದಿದ್ದು ದನೀನ ಅಲ್ಲ. ಆ ಮುದುಕನ ತಲೆಯೊಳಗೆ ಕೈ ಹಾಕಿ, ಅಲ್ಲಿದ್ದ ದೀಪದ ಸ್ವಿಚ್ ಹುಡುಕಿ ಆರಿಸಿದ್ದ. ಈಗಲೇ ಹೇಳು, ಈಗಲೇ, ಅನ್ನಿಸ್ತು. "ಪಾಪಣ್ಣ," ಅಂದ. ಅಷ್ಟರಲ್ಲಿ ಬಾಗಿಲಿಂದ ಸೇತುರಾಮ, "ಬನ್ನಿ ಬನ್ನಿ, ಸಾರ್ ಬಂದ್ರು," ಅಂದ್ರು. ಸಂಗಮೇಶನಿಗೆ ಖುಷಿ ಆಯ್ತು. ಬಚಾವಾದೆ ಅಂತ.

ಒಳಗೆ ಹೊಸ ಬಣ್ಣದ ವಾಸನೆ. ಗೋಡೆ ತುಂಬ ಹಸಿರು ಚಾರ್ಟು. ವಿಚಾರಣೆಗೆ ಬಂದಿದ್ದ ಹಿರಿಯ ಇಂಜಿನಿಯರ್ ವೆಂಕಟಸ್ವಾಮಿ ಮೇಜಿನ ಹಿಂದೆ, ಪಕ್ಕದಲ್ಲಿ ಟೈಪ್ ಮಾಡೋ ದಿವ್ಯ, ಎದುರಿಗೆ ಸೇತುರಾಮ, ಕೆಂಪು ಕಣ್ಣಿನ ಸೀನು ಲಾಗ್ ಪುಸ್ತಕ ಎದೆಗೆ ಅವುಚ್ಕೊಂಡು. ಸೊಣ್ಣಮ್ಮ ಲೋಟ ಜೋಡಿಸ್ತಾ ಮೂಲೇಲಿ. ವೆಂಕಟಸ್ವಾಮಿ ಒಳ್ಳೇ ಮನುಷ್ಯ. ಅದೇ ತೊಂದರೆ. ವಿಲನ್ ಇದ್ದಿದ್ರೆ ಎದೆ ಸೆಟೆಸಬಹುದಿತ್ತು.

"ನೋಡಿ ಪಾಪಯ್ಯ," ಅಂದ್ರು ಅವರು ಮೃದುವಾಗಿ, "ಯಾರನ್ನೂ ನೇಣಿಗೆ ಹಾಕೋಕೆ ಬಂದಿಲ್ಲ. ಇಷ್ಟು ಒಳ್ಳೇ ಪ್ರಾಜೆಕ್ಟು, ಬೇರೆಯವರಿಗೆ ಮಾದರಿ ಅಂತ ಬರೀತಿದ್ದೀವಿ. ಒಂದೇ ಒಂದು ಸಾಲು. ಲೈನ್ ಕ್ಲಿಯರ್ ವಾಪಸ್ ಕೊಟ್ಟವರು ಮರೆವಿನಿಂದ ಕೊಟ್ಟರು. ಆರೋಗ್ಯದ ಕಾರಣ, ಗೌರವವಾಗಿ ಕಳಿಸ್ಕೊಡ್ತೀವಿ. ಸೈನ್ ಮಾಡ್ತೀರಾ?"

"ಮಾಡ್ತೀನಿ ಸಾ," ಅಂದ ಪಾಪಯ್ಯ. "ಏಳು ಜನಾನೂ ಬದುಕವ್ರೆ, ಅಷ್ಟು ಸಾಕು." ಪೆನ್ನು ತಗೊಂಡ. ಪೆನ್ನು ಹಾಳೆ ಮೇಲಿಟ್ಟು, ತಲೆ ಎತ್ತಿ, "ತಾರೀಕು ಎಷ್ಟು ಸಾ ಇವತ್ತು?" ಅಂದ. ಕೇಳಿದ ಕೂಡಲೇ ಅವನ ಮುಖ ಕುಸೀತು. ಯಾರು ಬೇಕಾದ್ರೂ ಕೇಳೋ ಪ್ರಶ್ನೆ. ಆದ್ರೆ ಅವನು ಅದನ್ನ ತನ್ನ ವಿರುದ್ಧದ ಸಾಕ್ಷಿಯ ಥರ ನೋಡ್ದ. ದಿವ್ಯ ಕರುಣೆಯಿಂದ, "ಇಪ್ಪತ್ತು ಅಂಕಲ್," ಅಂದ್ಳು.

ಸಂಗಮೇಶ ಎದ್ದು ನಿಂತ. ಎದ್ದಿದ್ದು ಅವನಿಗೆ ಗೊತ್ತಾಗಲಿಲ್ಲ, ಕುರ್ಚಿ ಬಿದ್ದ ಸದ್ದಿಂದ ಗೊತ್ತಾಯ್ತು. ಎಲ್ಲರೂ ತಿರುಗಿದ್ರು. ನಾನು ಅನ್ನಬೇಕಿತ್ತು. ನಾನು ಫೋನ್ ಮಾಡಿದ್ದು. ಮೂರೇ ಮೂರು ಪದ ಬಂದ್ರೆ ಸಾಕಿತ್ತು. ಗಂಟಲು ತಿರುಗ್ತು, ತಿರುಗ್ತು, ಹಳೇ ರೇಡಿಯೋ ಸ್ಟೇಷನ್ ಹುಡುಕೋ ಹಂಗೆ, ಎಲ್ಲೂ ನಿಲ್ಲಲಿಲ್ಲ. ಆಮೇಲೆ ನಿಂತುಬಿಡ್ತು.

"ಪಾಪಯ್ಯ, ಕೆಂಪಯ್ಯನ ಮಗ," ಅಂತ ಬಂತು. "ಏಳು ಜನ ಹತ್ತಿದ್ವಿ, ಏಳು ಜನ ಇಳಿದ್ವಿ. ಆರು ರಾಡು ಹಾಕಿದ್ವಿ..."

ಸೇತುರಾಮ ನಕ್ಕುಬಿಟ್ರು, ತಡ್ಕೊಳ್ಳೋಕಾಗದೆ. ದಿವ್ಯ ಬಾಯಿಗೆ ಕೈ ಅಡ್ಡ ಇಟ್ಕೊಂಡ್ಳು. ವೆಂಕಟಸ್ವಾಮಿ ಕೂಡ ಮೀಸೆ ಅಡೀಲಿ ನಕ್ಕು, "ಏನ್ರೀ ಇದು, ಇಂಥಾ ಹೊತ್ತಲ್ಲಿ..." ಅಂದ್ರು. ಸೊಣ್ಣಮ್ಮ ಮೂಲೆಯಿಂದ ಚಪ್ಪಾಳೆ ತಟ್ಟಿ, "ಅದೇ ಕಣಪ್ಪಾ! ಶನಿವಾರ ನಮ್ ಅಂಗಡಿ ಫೋನಲ್ಲಿ ಮಾಡಿದ್ದು ಇದೇ ಸಾರ್, ಥೇಟು!" ಅಂದ್ಳು.

"...ಆರು ರಾಡು ತೆಗೆದ್ವಿ. ಇನ್ಮೇಲೆ ಲೈನು ನಿಂದು ಕಣಪ್ಪಾ."

ಸೀನು ನಗಲಿಲ್ಲ. ಅವನ ಕೈಯಿಂದ ಲಾಗ್ ಪುಸ್ತಕ ಜಾರಿ ನೆಲಕ್ಕೆ ಬಿತ್ತು. ಒಂದೊಂದೇ ನಗು ನಿಂತಿತು, ಒಂದೊಂದೇ ಮನೆ ಕರೆಂಟ್ ಹೋದ ಹಂಗೆ. ಸೊಣ್ಣಮ್ಮನದು ಕೊನೇಗೆ. ಸೇತುರಾಮರ ಮುಖದಲ್ಲಿ ನಗು ಇನ್ನೂ ಅಂಟಿತ್ತು, ಅದನ್ನ ಏನು ಮಾಡಬೇಕು ಅಂತ ಅವರಿಗೆ ಗೊತ್ತಾಗಲಿಲ್ಲ. ಮೇಲೆ ಫ್ಯಾನ್ ತಿರುಗ್ತಿತ್ತು. ಇವರು ಹದಿನೆಂಟು ತಿಂಗಳು ಕಷ್ಟಪಟ್ಟು ತಂದ ಕರೆಂಟಲ್ಲೇ.

ಪಾಪಯ್ಯ ಪೆನ್ನು ಕೆಳಗಿಟ್ಟ. ಸಂಗಮೇಶ ಕೆನ್ನೆ ಒಡ್ಡಿ ನಿಂತಿದ್ದ. ಒಂದು ಏಟು ಬೀಳಬೇಕು, ಅದಕ್ಕೆ ಅವನು ನಾಲ್ಕು ದಿನದಿಂದ ರೆಡಿ. ಏಟು ಬೀಳಲಿಲ್ಲ. ಪಾಪಯ್ಯನ ಸುಟ್ಟ ಹುಬ್ಬಿನ ಕೆಳಗೆ ಕಣ್ಣು ಅಗಲ ಆಯ್ತು, ತುಂಬ್ತು, ಬಾಯಿ ತೆರ್ಕೊಂಡ್ತು. ಅವನು ನಗ್ತಿದ್ದ. ಮಗು ಹುಟ್ಟಿದ ಸುದ್ದಿ ಕೇಳಿದೋನ ಥರ.

"ಹಂಗಾರೆ ನಾನು ಮರ್ತಿರ್ಲಿಲ್ಲ!" ಅಂದ. ಎಲ್ಲರ ಮುಖಾನೂ ನೋಡಿ ಮತ್ತೆ ಅಂದ, "ಸೀನಾ, ಕೇಳಿದ್ಯೇನೋ? ನಾನು ಮರ್ತಿರ್ಲಿಲ್ಲ ಕಣೋ. ಸಾ, ನನ್ ತಲೆ ಸರಿಯಾಗೈತೆ ಸಾ." ಟವೆಲ್ಲಿಂದ ಕಣ್ಣೊರೆಸ್ಕೊಂಡು ಎದ್ದ. "ಇರಿ, ಒಂದ್ ಕಿತಾ ನೋಡ್ಬಿಡ್ತೀನಿ," ಅಂತ ತನ್ನ ಎದೆ ಮುಟ್ಕೊಂಡ. "ಒಂದು." ಬೆರಳು ಮೇಜಿನ ಕಡೆ ಹೋಯ್ತು. ವೆಂಕಟಸ್ವಾಮಿ, ಎರಡು. ದಿವ್ಯ, ಮೂರು. ಸೇತುರಾಮ, ನಾಲ್ಕು. ಸೀನು, ಐದು. ಬೆರಳು ಗಾಳೀಲಿ ನಿಧಾನಕ್ಕೆ ಬಂತು. ಸಂಗಮೇಶನ ಎದೆ ಮುಂದೆ ಬಂತು. ಬೈಗುಳ ಬೇಡ, ಕ್ಷಮೆ ಬೇಡ, ಒಂದು ಸಂಖ್ಯೆ ಕೊಟ್ರೆ ಸಾಕು ಅನ್ನಿಸ್ತು. ಬೆರಳು ನಿಲ್ಲಲಿಲ್ಲ. ಬರೀ ಗೋಡೆ ದಾಟೋ ಹಂಗೆ ದಾಟಿ, ಮೂಲೇಲಿ ಲೋಟ ಹಿಡ್ಕೊಂಡು ನಿಂತಿದ್ದ ಸೊಣ್ಣಮ್ಮನ ಮೇಲೆ ನಿಂತಿತು.

"ಆರು," ಅಂದ ಪಾಪಯ್ಯ. "ಸರಿಯಾಗೈತೆ."

ಸಂಗಮೇಶ ಕೈ ಎತ್ತಿ ತನ್ನ ಎದೆ ಮುಟ್ಕೊಂಡ. ಬಾಯಿ ತೆಗೆದ. ಆ ರೂಮಿನಲ್ಲಿ ಎಲ್ಲರೂ, ಈ ಸಲ ಯಾರ ದನಿ ಬರತ್ತೆ ಅಂತ ಕಾಯ್ತಾ ಇದ್ರು.

"ಒಂದು" ಅಂದ. ಕೀರಲು ದನಿ, ಅರ್ಧಕ್ಕೆ ಮುರೀತು, ಯಾರೂ ಶಿಳ್ಳೆ ಹೊಡೆಯೋ ಅಂಥದ್ದಲ್ಲ. ಇದುವರೆಗೂ ಅವನು ತೆಗೆದ ಯಾರ ದನೀನೂ ಅಲ್ಲ, ಯಾರದ್ದು ಅಂತ ಅವನಿಗೆ ಗುರುತೇ ಸಿಗಲಿಲ್ಲ.